ಗೊದಮೊಟ್ಟೆಗಳು ಕಪ್ಪೆಯಾಗುವ ಮೊದಲೇ ಸಾಯುತ್ತಿವೆ, ದಯವಿಟ್ಟು ಕಾರಣ ತಿಳಿಸಿ

ಮೂಡಿಗೆರೆ ಮಳೆಗಾಲ:
ಮನೆಯ ಹಿಂದಿನ ಗದ್ದೆಯಿಂದ ತಂದ ಗೊದಮೊಟ್ಟೆಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದೇನೆ. ಬೇಯಿಸಿದ ಪಾಲಕ್ ತಿಂದು ಚುರುಕಾಗಿ ಬೆಳೆದಿದ್ದ ಅವು ಈ ವಾರ ಒಂದೊಂದಾಗಿ ಸಾಯುತ್ತಿವೆ. ಮೈಮೇಲೆ ಗಾಯವಿಲ್ಲ, ಬೂಷ್ಟೂ ಇಲ್ಲ. ನೀರು ಬದಲಾಯಿಸಿದೆ, ಸೊಪ್ಪನ್ನು ಹೆಚ್ಚು ಹಾಕಿದೆ, ಆದರೂ ಸಾವು ನಿಂತಿಲ್ಲ. ನನ್ನ ಬಳಿಯಿರುವ ಇಂಗ್ಲಿಷ್ ಪುಸ್ತಕದ ಪ್ರಕಾರ ಅವು ಕಪ್ಪೆಯಾಗಲು ಇನ್ನೂ ಬಹಳ ವಾರಗಳಿವೆ. ದಿನವೂ ಬಂದು ನೋಡುವ ಅಕ್ಕಪಕ್ಕದ ಮಕ್ಕಳಿಗೆ ಏನು ಹೇಳಬೇಕೆಂದೇ ತೋಚುತ್ತಿಲ್ಲ.

ಸಕಲೇಶಪುರ ತೋಟ:
ನಿಮ್ಮ ಗದ್ದೆಯ ಮೇಲ್ಭಾಗದಲ್ಲಿ ಕಾಫಿ ತೋಟವಿರಲೇಬೇಕು. ಮಳೆಗೆ ಮುನ್ನ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿದ್ದರೆ ಅದರಲ್ಲಿನ ಮೈಲುತುತ್ತದ ತಾಮ್ರ ಮಳೆನೀರಿನೊಡನೆ ಇಳಿದು ಬರುತ್ತದೆ. ತಾಮ್ರವು ಕಿವಿರುಗಳನ್ನು ಹಾಳುಮಾಡುತ್ತದೆ. ಆ ನೀರನ್ನು ಪೂರ್ತಿ ಚೆಲ್ಲಿ.

ಹಾಸನ ಮೀನುತೊಟ್ಟಿ:
ತಾಮ್ರಕ್ಕಿಂತ ಮೊದಲು ಕ್ಲೋರಿನ್ ನೋಡಬೇಕು. ನಲ್ಲಿ ನೀರನ್ನು ನೇರವಾಗಿ ಸುರಿದಿದ್ದರೆ ಕಿವಿರು ಸುಟ್ಟಂತಾಗುತ್ತದೆ. ನಮ್ಮ ಮನೆಯ ತಾರಸಿಯಲ್ಲಿ ತಾವರೆ ಬೆಳೆಸಿದ ಸಿಮೆಂಟ್ ತೊಟ್ಟಿ ಇದೆ. ಅದಕ್ಕೆ ಅಗಲ ಬಾಯಿಯ ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟ ನೀರನ್ನೇ ಹಾಕುತ್ತೇನೆ. ಅವಸರವಿದ್ದಾಗ ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಬಳಸುತ್ತೇನೆ. ಪ್ರತಿ ಮಳೆಗಾಲ ಅಲ್ಲಿ ಕಪ್ಪೆಗಳು ತಾವಾಗಿಯೇ ಮೊಟ್ಟೆಯಿಡುತ್ತವೆ.

ಸಕಲೇಶಪುರ ತೋಟ:
ಮೂಡಿಗೆರೆಯ ಹಳ್ಳಿಮನೆಯಲ್ಲಿ ನಲ್ಲಿಯ ಕ್ಲೋರಿನ್ ಎಲ್ಲಿಂದ ಬರಬೇಕು ಸ್ವಾಮಿ? ಅಲ್ಲಿ ಬಾವಿ ಅಥವಾ ಝರಿಯ ನೀರೇ ಹೆಚ್ಚು.

ಹಾಸನ ಮೀನುತೊಟ್ಟಿ:
ಬಾವಿಗೂ ಬ್ಲೀಚಿಂಗ್ ಪುಡಿ ಹಾಕುವವರಿದ್ದಾರೆ. ಮೂಡಿಗೆರೆಯವರನ್ನು ಕೇಳದೆ ನಾವಿಬ್ಬರೂ ತೀರ್ಮಾನಿಸುವುದು ಬೇಡ.

ಚಿಕ್ಕಮಗಳೂರು ಜೀವಶಾಸ್ತ್ರ:
ಮೂಡಿಗೆರೆಯವರೇ, ಮೂರು ವಿಷಯಗಳನ್ನು ದಯವಿಟ್ಟು ತಿಳಿಸಿ. ಸತ್ತವುಗಳಿಗೆ ಮುಂಗಾಲು ಮೂಡಿತ್ತೇ? ಅದೇ ತೊಟ್ಟಿಯ ಸಣ್ಣ ಗೊದಮೊಟ್ಟೆಗಳು ಸಾಯುತ್ತಿವೆಯೇ? ನೀರಿನಿಂದ ಹೊರಗೆ ಹತ್ತಿ ಕೂರಲು ಜಾಗವಿದೆಯೇ?

ಮೂಡಿಗೆರೆ ಮಳೆಗಾಲ:
ನೀರು ಝರಿಯದು, ಬ್ಲೀಚಿಂಗ್ ಹಾಕಿಲ್ಲ. ಸತ್ತವುಗಳಿಗೆಲ್ಲ ನಾಲ್ಕೂ ಕಾಲುಗಳಿದ್ದವು, ಬಾಲವೂ ಇತ್ತು. ಸಣ್ಣವು ಆರೋಗ್ಯವಾಗಿವೆ. ತೊಟ್ಟಿ ಕಂಠಮಟ್ಟ ತುಂಬಿದೆ. ಕಲ್ಲು, ಗಿಡ ಏನೂ ಇಟ್ಟಿಲ್ಲ. ಅವು ನೀರಿನ ಜೀವಿಗಳಾದ್ದರಿಂದ ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಚಿಕ್ಕಮಗಳೂರು ಜೀವಶಾಸ್ತ್ರ:
ಹಾಗಾದರೆ ಅವು ಮುಳುಗಿ ಸಾಯುತ್ತಿವೆ. ತಾಮ್ರವೋ ಕ್ಲೋರಿನ್ನೋ ಆಗಿದ್ದರೆ ಕಿವಿರನ್ನೇ ನಂಬಿ ಬದುಕುವ ಸಣ್ಣವು ಮೊದಲು ಸಾಯಬೇಕಿತ್ತು.

ಥೈರಾಯ್ಡ್ ಹಾರ್ಮೋನು ಏರಿದಾಗ ಗೊದಮೊಟ್ಟೆಯ ದೇಹ ಒಳಗಿನಿಂದಲೇ ಮರುರಚನೆಗೊಳ್ಳುತ್ತದೆ. ಗುಡರ್ನಾಚ್ ಎಂಬ ವಿಜ್ಞಾನಿ 1912ರಲ್ಲಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿ, ಅವು ಅವಧಿಗೆ ಮೊದಲೇ ಪುಟಾಣಿ ಕಪ್ಪೆಗಳಾಗುವುದನ್ನು ತೋರಿಸಿದರು. ಮುಂಗಾಲು ಹೊರಬರುವ ಹೊತ್ತಿಗೆ ಕಿವಿರುಗಳು ಕರಗತೊಡಗುತ್ತವೆ, ಉಸಿರಾಟದ ಭಾರ ಶ್ವಾಸಕೋಶ ಮತ್ತು ಚರ್ಮದ ಮೇಲೆ ಬೀಳುತ್ತದೆ. ಇತ್ತ ಬಾಲ ಕುಗ್ಗುವುದರಿಂದ ಈಜುವ ಬಲ ಕಡಿಮೆಯಾಗಿರುತ್ತದೆ, ಕಾಲುಗಳಿಗೆ ಇನ್ನೂ ಕಸುವು ಬಂದಿರುವುದಿಲ್ಲ. ಅಂಥ ಜೀವಿ ನುಣುಪಾದ ಗಾಜಿನ ಗೋಡೆಯ ನಡುವೆ ಗಾಳಿಗಾಗಿ ಮತ್ತೆ ಮತ್ತೆ ಮೇಲೇರಿ ದಣಿಯುತ್ತದೆ.

ಸೊಪ್ಪು ಹೆಚ್ಚಿಸಿದ್ದೂ ತೊಂದರೆಯನ್ನು ಕೂಡಿಸಿದೆ. ಈ ಹಂತದಲ್ಲಿ ಸೊಪ್ಪು ಕೆರೆಯುವ ಕೊಂಬಿನಂಥ ದವಡೆ ಉದುರಿ, ಉದ್ದನೆಯ ಕರುಳು ಮೊಟಕಾಗುತ್ತದೆ. ಅದು ತಿನ್ನುವುದನ್ನು ನಿಲ್ಲಿಸಿ ತನ್ನ ಬಾಲವನ್ನೇ ಕರಗಿಸಿಕೊಂಡು ಬದುಕುತ್ತದೆ. ತಿನ್ನದೆ ಉಳಿದ ಸೊಪ್ಪು ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ.

ನಿಮ್ಮ ಪುಸ್ತಕ ಬಹುಶಃ ಯುರೋಪಿನ ಕಾಮನ್ ಫ್ರಾಗ್, ಅಂದರೆ ರಾನಾ ಟೆಂಪೊರೇರಿಯಾವನ್ನು ಕುರಿತದ್ದು. ತಣ್ಣೀರಿನಲ್ಲಿ ಬೆಳೆಯುವ ಅದಕ್ಕೆ ಸುಮಾರು 12ರಿಂದ 16 ವಾರ ಬೇಕು. ನಮ್ಮ ಗದ್ದೆಯ ಬೆಚ್ಚನೆಯ ನೀರಿನಲ್ಲಿ ಹಲವು ಜಾತಿಗಳು ಗುಂಡಿ ಒಣಗುವುದರೊಳಗೆ ಬೆಳವಣಿಗೆ ಮುಗಿಸಬೇಕಾದ್ದರಿಂದ ಬಹಳ ಬೇಗ ಮಾರ್ಪಡುತ್ತವೆ.

ಹಾಸನ ಮೀನುತೊಟ್ಟಿ:
ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನೀವು ಹೇಳಿದ ಆ ಯುರೋಪಿನ ಕಪ್ಪೆ ಚಳಿಗಾಲವಿಡೀ ಕೊಳದ ತಳದಲ್ಲಿರಬಲ್ಲದು. ಇದೇಕೆ ಮುಳುಗಿ ಸಾಯುತ್ತದೆ ಸರ್?

ಚಿಕ್ಕಮಗಳೂರು ಜೀವಶಾಸ್ತ್ರ:
ಮಂಜುಗಟ್ಟುವಷ್ಟು ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ, ಕಪ್ಪೆಯ ದೇಹದ ಕೆಲಸವೂ ಬಹಳ ನಿಧಾನವಾಗಿ ಅದರ ಅಗತ್ಯ ಇಳಿದಿರುತ್ತದೆ. ಆಗ ಚರ್ಮವೊಂದೇ ಸಾಲುತ್ತದೆ. ಕೊಳೆತ ಸೊಪ್ಪಿರುವ ಬೆಚ್ಚನೆಯ ತೊಟ್ಟಿಯಲ್ಲಿ, ಅದೂ ಇಡೀ ದೇಹ ಮಾರ್ಪಾಡಾಗುತ್ತಿರುವಾಗ, ಚರ್ಮದಿಂದ ಬರುವುದು ಸಾಲದು.

ಸಕಲೇಶಪುರ ತೋಟ:
ಆದರೂ ನೀರಿನಲ್ಲಿ ತಾಮ್ರವಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ತೋಟದ ಕೆಳಗಿನ ನೀರನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಮೂಡಿಗೆರೆ ಮಳೆಗಾಲ:
ನೀರನ್ನು ನಾಲ್ಕು ಬೆರಳಿನಷ್ಟು ಉಳಿಸಿ, ಒಂದು ಬದಿಗೆ ಒರಟು ಕಲ್ಲು ಮತ್ತು ಪಾಚಿಯನ್ನು ಇಳಿಜಾರಾಗಿ ಜೋಡಿಸಿದೆ. ಕೊಳೆತ ಸೊಪ್ಪನ್ನು ತೆಗೆದೆ. ಮುಂಗಾಲು ಮೂಡಿದವು ಅಂದೇ ರಾತ್ರಿ ಕಲ್ಲಿನ ಮೇಲೆ ಬಂದು ಕುಳಿತವು. ಆಮೇಲೆ ಒಂದೂ ಸತ್ತಿಲ್ಲ. ಬಾಲ ಪೂರ್ತಿ ಕರಗಿದ ಮೇಲೆ ಏನು ತಿನ್ನಿಸಬೇಕು?

ಚಿಕ್ಕಮಗಳೂರು ಜೀವಶಾಸ್ತ್ರ:
ಇನ್ನು ಮುಂದೆ ಅವು ಚಲಿಸುವ ಜೀವಂತ ಕೀಟಗಳನ್ನು ಮಾತ್ರ ಹಿಡಿಯುತ್ತವೆ. ಹಣ್ಣಿನ ನೊಣ, ಎಲೆಹೇನು, ಸಣ್ಣ ಗೆದ್ದಲು ಆದೀತು. ಸತ್ತ ಹುಳವನ್ನು ಮುಂದಿಟ್ಟರೆ ಗಮನಿಸುವುದೇ ಇಲ್ಲ. ದಿನವೂ ಅಷ್ಟು ಸಣ್ಣ ಕೀಟಗಳನ್ನು ಒದಗಿಸುವುದು ಕಷ್ಟವಾದ್ದರಿಂದ, ಬಾಲ ಕರಗಿದವನ್ನು ಸಂಜೆಯ ಹೊತ್ತು ನೀವು ತಂದ ಅದೇ ಗದ್ದೆಯ ಒದ್ದೆ ಬದುವಿನಲ್ಲಿ ಬಿಡಿ. ಬೇರೆ ಕೆರೆಗೆ ಒಯ್ಯಬೇಡಿ, ರೋಗವೂ ಜೊತೆಗೆ ಹೋಗಬಹುದು.