ಸಹಾಯ ಬೇಕು: ಸಿಂಧನೂರಿನಲ್ಲಿ ಮನೆಗೆ ಬರುವ ಫಿಸಿಯೋ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಗದ್ದೆಯಿಂದ ಬರುವಾಗ ತಮ್ಮನ ಬೈಕ್‌ಗೆ ಟ್ರ್ಯಾಕ್ಟರ್ ಗುದ್ದಿ, ಮೊಣಕಾಲ ಕೆಳಗೆ ಮೂಳೆ ಮುರಿದು ಹೊರಗೆ ಬಂದಿತ್ತು. ಗಾಯ ದೊಡ್ಡದು, ಈಗಲೇ ಒಳಗೆ ಪ್ಲೇಟ್ ಹಾಕಿದರೆ ಸೋಂಕಾಗಬಹುದು ಅಂತ ರಾಯಚೂರಿನಲ್ಲಿ ಎಕ್ಸ್‌ಟರ್ನಲ್ ಫಿಕ್ಸೇಟರ್ ಹಾಕಿದ್ದಾರೆ. ಅಂದ್ರೆ ರಾಡು ಚರ್ಮದ ಹೊರಗೆ, ಪಿನ್ನುಗಳು ನೇರ ಮೂಳೆಗೆ. ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ.

ಪಿನ್ ಸುತ್ತ ದಿನಾ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸುತ್ತೇನೆ, ಪ್ರತಿ ಪಿನ್‌ಗೂ ಬೇರೆ ತುಂಡು. ಕೀವು, ಜ್ವರ ಕಂಡರೆ ತಕ್ಷಣ ಬನ್ನಿ ಅಂದಿದ್ದಾರೆ. ಸದ್ಯ ಎರಡೂ ಇಲ್ಲ. ಚಿಂತೆ ಪಾದದ್ದು. ಬೆರಳು ಚೆನ್ನಾಗಿ ಆಡುತ್ತವೆ, ಆದರೆ ಪಾದ ಕೆಳಗೆ ಬಾಗಿ ಬಿಗಿಯಾಗುತ್ತಿದೆ. ಟವೆಲ್ ಹಾಕಿ ಮೇಲಕ್ಕೆ ಎಳಿ ಅಂದರೆ "ನಾಳೆ ಅಕ್ಕಾ" ಅಂತಾನೆ. ಬೀಡಿ ಮಾತ್ರ ನಾಳೆಗೆ ಬಿಡಲ್ಲ! ಸೇದಿದರೆ ಮೂಳೆ ಕೂಡೋದು ತಡ ಅಂತ ಡಾಕ್ಟರೇ ಹೇಳಿದ್ದಾರೆ.

ಮನೆಗೆ ಬಂದು ವ್ಯಾಯಾಮ ಮಾಡಿಸುವವರು ಸಿಂಧನೂರು, ಮಸ್ಕಿ ಕಡೆ ಇದ್ದರೆ ತಿಳಿಸಿ. ಕಮೋಡ್ ಕುರ್ಚಿ ಬಾಡಿಗೆಗೆ ಎಲ್ಲಿ ಸಿಗುತ್ತೆ? ನಮ್ಮದು ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ, ತುಂಬಾ ಕಷ್ಟ. ಇದೇ ಫಿಕ್ಸೇಟರ್ ಹಾಕಿಸಿಕೊಂಡು ಈಗ ನಡೆದಾಡುತ್ತಿರುವವರು ಇದ್ದರೆ ದಯವಿಟ್ಟು ಅವನ ಜೊತೆ ಒಮ್ಮೆ ಫೋನಲ್ಲಿ ಮಾತಾಡಿ. ನನ್ನ ಮಾತಂತೂ ಕೇಳಲ್ಲ. ನಂಬರ್ ಇನ್‌ಬಾಕ್ಸ್‌ಗೆ ಕಳಿಸಿ.