1892ರ ಪತ್ರಿಕೆಯಲ್ಲಿ ‘ಕಂಪ್ಯೂಟರ್ ಬೇಕಾಗಿದೆ’!

ಹಳೇಕಾಗದ: 1892ರ ಮೇ 2ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ‘ಕಂಪ್ಯೂಟರ್ ಬೇಕಾಗಿದೆ’ ಅನ್ನೋ ಜಾಹೀರಾತಿದೆ. ಬೇಕಾಗಿದ್ದದ್ದು ಯಂತ್ರ ಅಲ್ಲ, ಆಳು! ಅಮೆರಿಕದ ನೌಕಾ ಪಂಚಾಂಗದ ಕಚೇರಿಗೆ ಲೆಕ್ಕ ಹಾಕೋರು. ಬೀಜಗಣಿತ, ತ್ರಿಕೋನಮಿತಿ, ಖಗೋಳ ಎಲ್ಲದರಲ್ಲೂ ಪರೀಕ್ಷೆ. ಎರಡನೇ ಮಹಾಯುದ್ಧದ ತನಕ ಪತ್ರಿಕೆಗಳಲ್ಲಿ ಈ ಪದಕ್ಕೆ ಇದ್ದದ್ದು ಇದೊಂದೇ ಅರ್ಥ.

ಪ್ರೂಫ್ ತಿದ್ದೋನು: ‘ಇದೊಂದೇ’ ಅಂದ್ರಾ? 1897ರಲ್ಲೇ ಲಂಡನ್ನಿನ ‘ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ದುಂಡು ಸ್ಲೈಡ್ ರೂಲಿಗೆ (ಲೆಕ್ಕ ಹಾಕೋ ಕೈ ಸಾಧನ) ಕಂಪ್ಯೂಟರ್ ಅಂದಿದ್ದಾರೆ. ಮತ್ತೆ ನೀವು ಹೇಳಿದ್ದು ಜಾಹೀರಾತಲ್ಲ, ಪರೀಕ್ಷೆಯ ಸುದ್ದಿ. ಓದಿ ಹಾಕಿ ಸ್ವಾಮಿ.

ಹಳೇಕಾಗದ: ಪರೀಕ್ಷೆ ಬರೆಯೋಕೆ ಸ್ಲೈಡ್ ರೂಲು ಹೋಗುತ್ತಾ? ನಮ್ಮ ಗಣಿತಜ್ಞ ರಾಧಾನಾಥ ಸಿಕ್ದಾರ್ 1831ರಲ್ಲಿ ಭಾರತದ ಸರ್ವೆ ಇಲಾಖೆ ಸೇರಿದ್ದೂ ಕಂಪ್ಯೂಟರ್ ಹುದ್ದೆಗೇ. ಕನ್ನಡದಲ್ಲೂ ಹಾಗೇ ಆಯ್ತಲ್ಲ, ಲೆಕ್ಕಿಗನಿಗಿದ್ದ ‘ಗಣಕ’ ಪೆಟ್ಟಿಗೆಗೆ ಹೋಯ್ತು.

ಧಾರವಾಡದಾಂವ: ಹೋಗಿಲ್ರಿ! ಗಣಕ ಅಂದ್ರ ಇವತ್ತಿಗೂ ಲೆಕ್ಕಾ ಮಾಡಾಂವ, ಜೋಯಿಸ. ಪೆಟಗಿಗೆ ಗಣಕಯಂತ್ರ ಅಂತಾರ.

ಬೆಣ್ಣೆದೋಸೆ: ಯಾರು ಅಂತಾರೆ? ಅಂಗಡಿಗೆ ಹೋಗಿ ‘ಒಂದು ಗಣಕಯಂತ್ರ ತೋರಿಸಿ’ ಅಂದು ನೋಡಿ.

ಧಾರವಾಡದಾಂವ: ಅಂಗಡ್ಯಾಂವ ಪಂಡಿತ ಏನ್ರಿ?

ಪ್ರೂಫ್ ತಿದ್ದೋನು: ‘ನುಡಿ’ ತಂತ್ರಾಂಶ ಕೊಟ್ಟ ಸಂಸ್ಥೆಯ ಹೆಸರೇ ಕನ್ನಡ ಗಣಕ ಪರಿಷತ್ತು. ಅದೇನು ಜೋಯಿಸರ ಸಂಘವಾ?

ಧಾರವಾಡದಾಂವ: ಜೋಯಿಸರನ್ನ ಯಾಕ ನಡುವ ತರ್ತೀರಿ?

ಬೆಣ್ಣೆದೋಸೆ: ತಂದಿದ್ದು ನೀವೇ 😂

ಸುಬ್ಬಕ್ಕ: ಆಳು, ಲೆಕ್ಕಿಗ, ಮಾಡಾಂವ... ಎಲ್ಲ ಗಂಡಸರೇನಾ? ಹಾರ್ವರ್ಡ್ ವೀಕ್ಷಣಾಲಯದಲ್ಲಿ ಕಂಪ್ಯೂಟರ್ ಅನ್ನಿಸಿಕೊಂಡು ದುಡಿದವರು ಹೆಂಗಸರು. ಅವರಲ್ಲೊಬ್ಬರಾದ ಹೆನ್ರಿಯೆಟ್ಟಾ ಲೆವಿಟ್‌ಗೆ ಗಂಟೆಗೆ 30 ಸೆಂಟ್ ಸಂಬಳ. ಎಲೆಕ್ಟ್ರಾನಿಕ್ ಕಂಪ್ಯೂಟರ್‌ಗಳಲ್ಲಿ ಮೊದಮೊದಲನೇದಾದ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಂ ಮಾಡಿದ ಆರು ಹೆಂಗಸರೂ ಮೊದಲು ಕಂಪ್ಯೂಟರ್ ಹುದ್ದೆಯಲ್ಲಿದ್ದೋರು.

ಧಾರವಾಡದಾಂವ: ಅಕ್ಕಾರ, ನೀವೂ ಎನಿಯಾಕ್ ‘ಯಂತ್ರ’ ಅಂತನ ಬರದೀರಿ. ಅದನ್ನ ನಾನೂ ಹೇಳೂದು.

ಸುಬ್ಬಕ್ಕ: ಇಷ್ಟು ಬರೆದಿದ್ದರಲ್ಲಿ ನಿಮಗೆ ಕಂಡಿದ್ದು ಅದೊಂದೇ ಪದ. ಸಂತೋಷ.

ಹಳೇಕಾಗದ: ವಿಷಯಕ್ಕೆ ಬನ್ನಿ. ಎನಿಯಾಕ್ ಬಗ್ಗೆ 1946ರ ಫೆಬ್ರವರಿ 15ರ ನ್ಯೂಯಾರ್ಕ್ ಟೈಮ್ಸ್ ತಲೆಬರಹದಲ್ಲಿ ‘ಎಲೆಕ್ಟ್ರಾನಿಕ್ ಕಂಪ್ಯೂಟರ್’ ಅಂತಿದೆ. ಬರೀ ಕಂಪ್ಯೂಟರ್ ಅಂದ್ರೆ ಮನುಷ್ಯ ಅಂದ್ಕೋತಾರೆ ಅಂತಲೇ ಆ ವಿಶೇಷಣ.

ಪ್ರೂಫ್ ತಿದ್ದೋನು: ಎಲೆಕ್ಟ್ರಾನಿಕ್ ಅಲ್ಲದ ಯಂತ್ರಗಳಿಗೂ ಆ ಹೆಸರಿತ್ತು ಅಂತ ಯಾಕಾಗಬಾರದು? ನನ್ನ 1897ಕ್ಕೆ ಉತ್ತರ ಇನ್ನೂ ಬಂದಿಲ್ಲ.

ಹಳೇಕಾಗದ: ಅದು ಎಂಜಿನಿಯರ್‌ಗಳು ಓದೋ ಪತ್ರಿಕೆ ರೀ! ನಾನು ಹೇಳಿದ್ದು ದಿನಪತ್ರಿಕೆ.

ಪ್ರೂಫ್ ತಿದ್ದೋನು: ಹೇಳಿದ್ದು ಬರೀ ‘ಪತ್ರಿಕೆ’. ಈಗ ಹೋಗಿ ತಿದ್ದಬೇಡಿ, ಸ್ಕ್ರೀನ್‌ಶಾಟ್ ಇದೆ.

ಬೆಣ್ಣೆದೋಸೆ: ಧಾರವಾಡದವರೇ, ಸ್ಕ್ರೀನ್‌ಶಾಟ್‌ಗೆ ಕನ್ನಡದಲ್ಲಿ ಏನಂತಾರೆ?

ಧಾರವಾಡದಾಂವ: ಪರದೆಚಿತ್ರ. ಗಣಕಯಂತ್ರದ್ದು. ಗಣಕಂದಲ್ಲ.