ಪುಟ್ಟಿ, ನಿನ್ನೆ ನೀನು ಕೇಳಿದ ಮಾತಿಗೆ

ಪುಟ್ಟಿ, ನಾನು ದೊಡ್ಡಮ್ಮ. ಗ್ರೂಪಿನಲ್ಲಿರುವ ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ರಾತ್ರಿ ನೀನು ಬರೆದದ್ದನ್ನು ಬೆಳಿಗ್ಗೆ ಎದ್ದ ತಕ್ಷಣ ನೋಡಿದೆ. 21 ದಿನ ಮನೆಯವರೆಲ್ಲ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ವಿ, ಆದರೂ ಅಪ್ಪ ಉಳಿಯಲಿಲ್ಲ. ಮಾತಾಡಿಸೋಕೆ ಬಂದವರೊಬ್ಬರು ‘ನಿಮ್ಮ ನಂಬಿಕೆ ಸಾಲಲಿಲ್ಲ’ ಅಂದು ಹೋದರು. ಹಾಗಾದರೆ ದೇವರು ಕೇಳಿಸಿಕೊಳ್ಳುವ ನಿಜವಾದ ಪ್ರಾರ್ಥನೆ ಯಾವುದು ಅಂತ ಕೇಳಿದ್ದೀಯ. ಕೆಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದಾರೆ. ಪ್ರೀತಿಯಿಂದಲೇ ಹಾಕಿದ್ದಾರೆ. ಆದರೆ ಕೇಳಿದ ಮಗುವಿಗೆ ಯಾರಾದರೂ ಬಾಯಿಬಿಟ್ಟು ಏನಾದರೂ ಹೇಳಬೇಕಲ್ವಾ. ಉದ್ದ ಆಗುತ್ತದೆ. ಕೆಲಸ ಎಲ್ಲ ಮುಗಿಸಿಕೊಂಡು ಕೂತು ಕೇಳು.

ಮೊದಲು ಆ ‘ನಂಬಿಕೆ ಸಾಲಲಿಲ್ಲ’ ಅನ್ನೋ ಮಾತು. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ತೆಗೆ. ರಾಜ ಹೆರೋದ, ಯೇಸುಸ್ವಾಮಿಯ ಶಿಷ್ಯ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಆಮೇಲೆ ಇನ್ನೊಬ್ಬ ಶಿಷ್ಯ ಪೇತ್ರನನ್ನು ಹಿಡಿದು ಸೆರೆಮನೆಗೆ ಹಾಕಿಸಿದ. 16 ಜನ ಸಿಪಾಯಿಗಳ ಕಾವಲು, ಎರಡು ಸರಪಳಿ. ಇತ್ತ ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ತುಂಬಾ ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದಾರೆ. ಪೇತ್ರ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಅನ್ನೋ ಹುಡುಗಿ ದನಿ ಗುರುತು ಹಿಡಿಯುತ್ತಾಳೆ. ಖುಷಿಗೆ ಬಾಗಿಲು ತೆಗೆಯೋದನ್ನೂ ಬಿಟ್ಟು ಒಳಗೆ ಓಡುತ್ತಾಳೆ. ಒಳಗಿದ್ದವರು ಏನಂದರು? ‘ನಿನಗೆ ಹುಚ್ಚು’ ಅಂದರು! ಯಾರಿಗೋಸ್ಕರ ಬೇಡಿಕೊಳ್ಳುತ್ತಿದ್ದಾರೋ ಅವನೇ ಬಾಗಿಲಲ್ಲಿ ನಿಂತು ತಟ್ಟುತ್ತಿದ್ದಾನೆ, ಇವರು ನಂಬುತ್ತಿಲ್ಲ. ಅಂಥವರ ಪ್ರಾರ್ಥನೆಗೂ ಉತ್ತರ ಬಂದಿತ್ತು. ಯಾಕೋಬನಿಗಾಗಿ ಇದೇ ಜನ ಬೇಡಿಕೊಳ್ಳದೆ ಇದ್ದಾರಾ? ಅವನು ವಾಪಸ್ ಬರಲಿಲ್ಲ. ಈ ಪುಸ್ತಕ ಬರೆದ ಲೂಕ ಅವನ ಸಾವಿಗೆ ಒಂದೇ ಸಾಲು ಬರೆದಿದ್ದಾನೆ. ಸಭೆಯ ನಂಬಿಕೆ ಕಡಿಮೆ ಆಗಿತ್ತು, ಅದಕ್ಕೇ ಸತ್ತ ಅಂತ ಎಲ್ಲೂ ಬರೆದಿಲ್ಲ. ಬೈಬಲೇ ಹೇಳದ ಮಾತನ್ನು ಗಂಡನನ್ನು ಕಳೆದುಕೊಂಡವಳ ಎದುರು ಹೇಳುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ನಿಮ್ಮಮ್ಮನಿಗೂ ಓದಿ ಹೇಳು.

ನಂಬಿಕೆ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ‘ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥಮಾಡಿತು’ ಅಂತ ಯೇಸುಸ್ವಾಮಿ ಎಷ್ಟೋ ಜನರಿಗೆ ಹೇಳಿದ್ದಾರೆ. ಆದರೆ ಮಾರ್ಕ 9ರಲ್ಲಿ ದೆವ್ವ ಹಿಡಿದ ಹುಡುಗನ ಅಪ್ಪ ಬರುತ್ತಾನಲ್ಲ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿಬಿಡುತ್ತಾನೆ. ಅವನನ್ನು ಯೇಸುಸ್ವಾಮಿ ಬರಿಗೈಯಲ್ಲಿ ಕಳಿಸಲಿಲ್ಲ. ನನಗೆ ಪ್ರಾರ್ಥನೆ ಅಂದರೆ ಅದು. ಒಳಗೆ ಇದ್ದದ್ದನ್ನು ಇದ್ದ ಹಾಗೇ ತಂದು ಇಡೋದು.

ನಿನಗೆ ನಮ್ಮ ಅಜ್ಜಿಯ ನೆನಪಿಲ್ಲ. ಬೆಳಿಗ್ಗೆ ಸೌದೆ ಒಲೆ ಹಚ್ಚೋ ಮೊದಲು ಒಲೆಯ ಮುಂದೆ ಮಣೆ ಹಾಕಿಕೊಂಡು, ಸೆರಗನ್ನು ತಲೆಗೆ ಹೊದ್ದು ಕೂರುತ್ತಿದ್ದರು. ನಾನು ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿರುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು. ‘ಅಪ್ಪಾ, ಡಬ್ಬದಲ್ಲಿ ಇವತ್ತಿಗೆ ಮಾತ್ರ ಅಕ್ಕಿ ಇದೆ. ನಾಳೆ ಮಕ್ಕಳಿಗೆ ಏನು ಹಾಕಲಿ? ದೊಡ್ಡವನ ಮೇಲೆ ನನಗೆ ತುಂಬಾ ಕೋಪ ಬಂದಿದೆ, ಅದನ್ನೂ ನೀನೇ ನೋಡು.’ ಅಷ್ಟೇ. ಆಮೆನ್ ಅಂದು ಊದುಕೊಳವೆ ಕೈಗೆ ತೆಗೆದುಕೊಳ್ಳುತ್ತಿದ್ದರು. ಭಾನುವಾರ ದೇವಾಲಯದಲ್ಲಿ ಸಭಾಪಾಲಕರಾದ ಅಯ್ಯನವರು ಮಾಡುವ ಪ್ರಾರ್ಥನೆಯೂ ನನಗೆ ಇಷ್ಟ, ಅದರ ಗಾಂಭೀರ್ಯ ಬೇರೆ. ಆದರೆ ಮಕ್ಕಳಿಲ್ಲದ ಹನ್ನಳು ಶೀಲೋವಿನ ದೇವಾಲಯದಲ್ಲಿ ಅಳುತ್ತಾ, ತುಟಿ ಮಾತ್ರ ಅಲ್ಲಾಡಿಸಿಕೊಂಡು ಬೇಡಿದಳು, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ ಅಂತ ಓದುವಾಗೆಲ್ಲ ನನಗೆ ಆ ಒಲೆಯ ಮುಂದಿನ ಮಣೆಯೇ ಕಣ್ಣಿಗೆ ಬರುತ್ತದೆ.

ಈಗ ನನ್ನದೊಂದು ಹೇಳುತ್ತೇನೆ. ಇದನ್ನು ನಿಮ್ಮ ಯಾರ ಹತ್ತಿರವೂ ಹೇಳಿರಲಿಲ್ಲ. ಮನೆ ಪಾಲಾದಾಗ ನನಗೂ ನನ್ನ ವಾರಗಿತ್ತಿಗೂ ಮಾತು ಬಿಟ್ಟಿತು. ಎರಡು ವರ್ಷ. ಆ ಎರಡು ವರ್ಷವೂ ಸ್ತ್ರೀಯರ ಕೂಟದಲ್ಲಿ ನಾನೇ ಎದ್ದು ನಿಂತು ಪ್ರಾರ್ಥನೆ ನಡೆಸಿದ್ದೇನೆ. ಎಲ್ಲೆಲ್ಲಿಯ ಯುದ್ಧ ನಿಲ್ಲಲಿ, ಎಲ್ಲರ ಮನೆಯಲ್ಲೂ ಸಮಾಧಾನ ಇರಲಿ ಅಂತ ಚೆನ್ನಾಗಿ ಮಾತು ಜೋಡಿಸಿ ಬೇಡುತ್ತಿದ್ದೆ. ಅವಳು ಮೂರನೇ ಸಾಲಿನಲ್ಲಿ ಕೂತಿರುತ್ತಿದ್ದಳು. ಒಂದು ಭಾನುವಾರ ಕರ್ತನ ಭೋಜನದ ಮೊದಲು ಮತ್ತಾಯ 5 ಓದಿದರು. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರವೇ ಬಿಟ್ಟು ಹೋಗು, ಮೊದಲು ನಿನ್ನ ಸಹೋದರನ ಸಂಗಡ ಒಂದಾಗು, ಆಮೇಲೆ ಬಾ ಅಂತ. ನನಗೆ ಎದ್ದು ಮುಂದೆ ಹೋಗೋಕೆ ಕಾಲು ಬರಲಿಲ್ಲ. ಮಧ್ಯಾಹ್ನ ಆಟೋ ಹಿಡಿದು ಅವಳ ಮನೆಗೆ ಹೋದೆ. ಬಾಗಿಲು ತೆಗೆದಳು, ಕೈಯೆಲ್ಲ ಹಿಟ್ಟು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. ‘ಒಂದು ಲೋಟ ನೀರು ಕೊಡ್ತೀಯಾ’ ಅಂದೆ. ಆ ಹಿಟ್ಟಿನ ಕೈಯಲ್ಲೇ ತಂದು ಕೊಟ್ಟಳು. ಪಾಲಿನ ವಿಷಯ ಹಾಗೇ ಉಳಿಯಿತು, ಇವತ್ತಿಗೂ ಹಾಗೇ ಇದೆ. ಆದರೆ ಆ ರಾತ್ರಿ ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಅಂತ ಹೇಳುವಾಗ ಎರಡು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿ ತಡವರಿಸಿತು. ಅದಕ್ಕೆ ಮುಂಚೆ ದಿನಾ ಸಲೀಸಾಗಿ ಹೇಳುತ್ತಿದ್ದೆ. ಪ್ರಾಮಾಣಿಕ ಪ್ರಾರ್ಥನೆ ಯಾವುದು ಅಂತ ನೀನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ನೀರಿನ ಲೋಟ.

ಉಪವಾಸದ ಬಗ್ಗೆ ಜಾಸ್ತಿ ಹೇಳೋದಿಲ್ಲ. 21 ದಿನ ಮಾಡಿದರೆ ಇಂತಿಷ್ಟು ಅಂತ ದೇವರ ಹತ್ತಿರ ದರಪಟ್ಟಿ ಇಲ್ಲ. ನೀವು ಅಪ್ಪನ ಮೇಲಿನ ಪ್ರೀತಿಗೆ ಊಟ ಬಿಟ್ಟಿರಿ. ಆ ಪ್ರೀತಿ ಸುಮ್ನೆ ಹೋಗಿಲ್ಲ.

ಉತ್ತರದ ವಿಷಯ ಕಷ್ಟ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ನೆಲಕ್ಕೆ ಬಿದ್ದು ಈ ಪಾತ್ರೆಯನ್ನು, ಅಂದರೆ ಈ ಸಂಕಟವನ್ನು, ತೆಗೆದುಬಿಡು ಅಂತ ಬೇಡಿದರು. ಮೂರು ಸಲ. ‘ನಿನ್ನ ಚಿತ್ತದಂತೆಯೇ ಆಗಲಿ’ ಅನ್ನೋ ಮಾತು ಅದಾದ ಮೇಲೆ ಬಂತು. ನಾವು ಮೊದಲನೆಯದನ್ನು ನುಂಗಿಕೊಂಡು ಎರಡನೆಯದನ್ನಷ್ಟೇ ಹೇಳಬೇಕು ಅಂದುಕೊಳ್ಳುತ್ತೇವೆ. ಅದು ತಪ್ಪು ಅಂತ ನನಗನ್ನಿಸುತ್ತದೆ. ಬೇಕಾದ್ದನ್ನು ಬಾಯಿತುಂಬ ಕೇಳಿದ ಮೇಲೆ ತಾನೇ ಒಪ್ಪಿಸಿಕೊಡೋದು? ಇಬ್ರಿಯರಿಗೆ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಕಣ್ಣೀರು ಸುರಿಸಿ ಕೂಗಿ ಬೇಡಿಕೊಂಡ ಆ ಪ್ರಾರ್ಥನೆಯನ್ನು ದೇವರು ಕೇಳಿದನು ಅಂತ ಬರೆದಿದೆ. ಶಿಲುಬೆ ತಪ್ಪಲಿಲ್ಲ. ಆದರೂ ಕೇಳಿದನು ಅಂತ ಬರೆದಿದೆ. ಆ ವಚನದ ಹತ್ತಿರ ನಾನು ಎಷ್ಟೋ ಸಲ ಓದು ನಿಲ್ಲಿಸಿ ಕೂತಿದ್ದೇನೆ.

ಹಿಂದೆ ಬೈಬಲ್ ಅಧ್ಯಯನದಲ್ಲಿ ಅಯ್ಯನವರು ಹಿಂದಿನ ಕಾಲದ ದೊಡ್ಡ ಕ್ರೈಸ್ತ ಬೋಧಕ ಅಗಸ್ಟೀನನ ತಾಯಿ ಮೋನಿಕಳ ಕಥೆ ಹೇಳಿದ್ದರು. ಉತ್ತರ ಆಫ್ರಿಕದವಳು. ಮಗ ಕ್ರಿಸ್ತನನ್ನು ನಂಬಲಿ ಅಂತ ವರ್ಷಗಟ್ಟಲೆ ಅತ್ತು ಬೇಡಿದವಳು. ಕ್ರಿ.ಶ. 383ರಲ್ಲಿ ಅವನು ರೋಮಿಗೆ ಹೊರಟ. ಅವಳು ಬಿಡಲಿಲ್ಲ. ಸ್ನೇಹಿತನನ್ನು ಹಡಗು ಹತ್ತಿಸಿ ಬರುತ್ತೇನೆ ಅಂತ ಅಮ್ಮನಿಗೆ ಸುಳ್ಳು ಹೇಳಿದ. ಕಾರ್ಥೇಜಿನ ಬಂದರಿನ ಪಕ್ಕದ ಮಂದಿರದಲ್ಲಿ ಅವಳು ರಾತ್ರಿಯೆಲ್ಲ ಅವನು ಹೋಗದಿರಲಿ ಅಂತ ಬೇಡುತ್ತಿದ್ದಳು, ಅವನು ಕತ್ತಲಲ್ಲೇ ಹೊರಟುಹೋದ. ಆದರೆ ಅಲ್ಲಿಂದ ಮಿಲಾನಿಗೆ ಹೋಗಿ, ಅಲ್ಲಿನ ಬಿಷಪ್ ಅಂಬ್ರೋಸರ ಪ್ರಸಂಗ ಕೇಳಿ, 387ರಲ್ಲಿ ಅವರ ಕೈಯಿಂದಲೇ ದೀಕ್ಷಾಸ್ನಾನ ತೆಗೆದುಕೊಂಡ. ಅಮ್ಮ ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ, ಯಾವಾಗಲೂ ಕೇಳುತ್ತಿದ್ದದ್ದನ್ನು ಕೊಡೋದಕ್ಕೋಸ್ಕರ ಅಂತ ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಇದನ್ನು ನಿಮ್ಮಪ್ಪನ ಸಾವಿಗೆ ಅಂಟಿಸಿ ಸಮಾಧಾನ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ಮೋನಿಕಳಿಗೆ ನಾಲ್ಕು ವರ್ಷದ ಮೇಲೆ ಕಣ್ಣಾರೆ ಕಂಡಿತು. ಯಾಕೋಬನ ತಾಯಿಗೆ ಏನು ಕಂಡಿತು ಅಂತ ಬೈಬಲಿನಲ್ಲಿ ಒಂದಕ್ಷರ ಇಲ್ಲ.

ಒಂದು ವಿಷಯ ಮಾತ್ರ ನೀನು ತಿಳಿದುಕೊಂಡಿರಬೇಕು. ಡಯಾಲಿಸಿಸ್ ಶುರುವಾದ ಮೇಲೆ ಒಂದು ರಾತ್ರಿ ನಾನು ಆಸ್ಪತ್ರೆಯಲ್ಲಿ ಉಳಿದಿದ್ದೆನಲ್ಲ, ಆಗ ನಿಮ್ಮಪ್ಪ ಅಂದರು, ‘ಅಕ್ಕ, ಗುಣ ಆಗಲಿ ಅಂತ ಎಲ್ಲರೂ ಕೇಳುತ್ತಿದ್ದಾರೆ. ನೀವು ನನ್ನ ಭಯ ಹೋಗಲಿ ಅಂತಲೂ ಕೇಳಿ.’ ನಾನು ಕೇಳಿದೆ. ಮೊದಲೆಲ್ಲ ರಾತ್ರಿ ದೀಪ ಆರಿಸೋಕೆ ಬಿಡುತ್ತಿರಲಿಲ್ಲ, ನಿನಗೂ ಗೊತ್ತು. ಕೊನೆಯ ನಾಲ್ಕು ರಾತ್ರಿ ಅವರೇ ಆರಿಸು ಅಂದರು. ಇದೇ ನಿಮ್ಮ ಪ್ರಾರ್ಥನೆಗೆ ಉತ್ತರ ಅಂತ ನಾನು ಹೇಳುತ್ತಿಲ್ಲ. ನೀನು ಕೇಳಿದ್ದು ಇದಲ್ಲ. ನೋಡಿದ್ದನ್ನು ನಿನಗೆ ಹೇಳಿದೆ, ಅಷ್ಟೇ.

ದೇವರ ಮೇಲೆ ಕೋಪ ಇದ್ದರೆ ಅದನ್ನೂ ದೇವರಿಗೇ ಹೇಳು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸ್ತೋತ್ರದ ಒಂದು ಸಾಲೂ ಕೊನೆಗೆ ಬರೋದಿಲ್ಲ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರೆ. ಮಾತೇ ಬರದಿದ್ದರೆ ಸುಮ್ನೆ ಕೂತಿರು. ನಿನ್ನ ಪಾಲಿನದನ್ನು ಸದ್ಯಕ್ಕೆ ನಾನು ಬೇಡಿಕೊಳ್ಳುತ್ತೇನೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಅಡುಗೆ ಏನೂ ಮಾಡಬೇಡ ಅಂತ ಅಮ್ಮನಿಗೆ ಹೇಳು, ನಾನೇ ಬಂದು ಮಾಡುತ್ತೇನೆ.